ಹೀಬ್ರೂ ಚುಕ್ಕಿಗೂ ಹಳಗನ್ನಡದ ೞಕಾರಕ್ಕೂ ಒಂದೇ ಕೀ

ಕಳೆದ ಮಳೆಗಾಲದಲ್ಲಿ ನನಗೊಂದು ಕೆಲಸ ಬಂತು. ಕನ್ನಡದವರಿಗೆ ಹೀಬ್ರೂ ಕಲಿಸುವ ಪುಸ್ತಕ, ಅದರ ಪುಟ ಕಟ್ಟಿಕೊಡಬೇಕು. ಬರೆದವರು ನಿವೃತ್ತರಾದ ಒಬ್ಬ ಅಯ್ಯನವರು. ವರ್ಷಗಟ್ಟಲೆ ಹಳೆಯ ಒಡಂಬಡಿಕೆ ಪಾಠ ಮಾಡಿದವರು. ಹಸ್ತಪ್ರತಿ ಪೂರ್ತಿ ಕೈಬರಹ, ನೀಲಿ ಇಂಕು, ಗೆರೆ ಇರುವ ನೋಟ್‌ಬುಕ್ಕು. ಪ್ರತಿ ಶಬ್ದವೂ ಮೂರು ಸಲ ಬರುತ್ತದೆ: ಮೊದಲು ಚುಕ್ಕಿಗಳ ಸಮೇತ ಹೀಬ್ರೂವಿನಲ್ಲಿ, ಆಮೇಲೆ ಇಂಗ್ಲಿಷ್ ಅಕ್ಷರಗಳ ಮೇಲೆ ಕೆಳಗೆ ಗುರುತು ಹಾಕಿ, ಕೊನೆಗೆ ಕನ್ನಡದಲ್ಲಿ ಅರ್ಥ. ನಾನು ದಿನವಿಡೀ ಕನ್ನಡ ಟೈಪ್ ಮಾಡುವವಳು. ಕನ್ನಡದ ಕಗಪ ಲೇಔಟ್, ಅಂದರೆ ಯಾವ ಕೀಗೆ ಯಾವ ಅಕ್ಷರ ಅನ್ನುವ ಜೋಡಣೆ, ಬೆರಳಿಗೆ ಅಂಟಿಕೊಂಡಿದೆ. ಹೀಬ್ರೂ ಅಕ್ಷರ ಓದಲು ಬರುತ್ತಿತ್ತು, ಟೈಪ್ ಮಾಡಿ ಗೊತ್ತಿರಲಿಲ್ಲ.

ಮೊದಲ ವಾರ ನೆಟ್‌ನಿಂದ ಕಾಪಿ ಪೇಸ್ಟ್ ಮಾಡಿಕೊಂಡು ಹೋದೆ. ಒಂದು ಪಾಠಕ್ಕೆ ಎರಡು ದಿನ ಹಿಡಿಯಿತು. ಹೀಗಾದರೆ ಆಗಲ್ಲ ಅನ್ನಿಸಿ ನನ್ನದೇ ಕೀಬೋರ್ಡ್ ಲೇಔಟ್ ಮಾಡಲು ಕೂತೆ. ಅದು ಹೇಗಾಯಿತು ಅಂತ ಬರೆಯುತ್ತಿದ್ದೇನೆ. ಕನ್ನಡದ ಜೊತೆ ಇನ್ನೊಂದು ಲಿಪಿ ಟೈಪ್ ಮಾಡುವವರು ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮೊದಲು ಇಸ್ರೇಲಿನಲ್ಲಿ ಬಳಸುವ ಕೀಬೋರ್ಡ್ ಹೇಗಿದೆ ನೋಡಿ. ಹೀಬ್ರೂವಿನಲ್ಲಿ 22 ಅಕ್ಷರ. ಇವುಗಳಲ್ಲಿ ಕಾಫ್, ಮೇಮ್, ನೂನ್, ಪೇ, ತ್ಸಾದೆ ಈ ಐದಕ್ಕೆ ಶಬ್ದದ ಕೊನೆಯಲ್ಲಿ ಬೇರೆ ರೂಪ ಇದೆ. ಆ ಐದಕ್ಕೂ ಬೇರೆ ಬೇರೆ ಕೀ ಕೊಟ್ಟಿದ್ದಾರೆ. ಒಟ್ಟು 27 ಆಯಿತು. ಇಂಗ್ಲಿಷ್ ಅಕ್ಷರದ ಕೀಗಳು ಇರುವುದೇ 26, ಅದರಲ್ಲೂ ಕ್ಯೂ ಮತ್ತು ಡಬ್ಲ್ಯು ಕೀಗಳನ್ನು ಓರೆಗೆರೆಗೆ, ಉದ್ಧರಣ ಚಿಹ್ನೆಗೆ ಬಿಟ್ಟಿದ್ದಾರೆ. ಹಾಗಾಗಿ ಅಲ್ಪವಿರಾಮದ ಕೀ ಮೇಲೆ ತಾವ್ ಬಂದು ಕೂತಿದೆ, ಪೂರ್ಣವಿರಾಮದ ಮೇಲೆ ಕೊನೆಯ ತ್ಸಾದೆ, ಅರ್ಧವಿರಾಮದ ಮೇಲೆ ಕೊನೆಯ ಪೇ. ವಿರಾಮ ಚಿಹ್ನೆಗಳೆಲ್ಲ ಪಕ್ಕಕ್ಕೆ ಸರಿದಿವೆ. ಅಲೆಫ್ ಇರುವುದು ಟಿ ಕೀ ಮೇಲೆ. ಶಾಲೋಮ್ ಅಂತ ಬರೆಯಬೇಕಾದರೆ ಎ, ಕೆ, ಯು, ಓ ಒತ್ತಬೇಕು. ಇಂಗ್ಲಿಷ್ ಉಚ್ಚಾರಣೆಗೂ ಇದಕ್ಕೂ ಏನೂ ಸಂಬಂಧ ಇಲ್ಲ.

ಉಚ್ಚಾರಣೆಯ ಪ್ರಕಾರ ಹೋಗುವ ಲೇಔಟೂ ನಾನು ಬಳಸುವ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನಲ್ಲಿ ಸಿಗುತ್ತದೆ. ನಮ್ಮ ಕಗಪದ ಹಾಗೆ. ಅದನ್ನೇ ಹಿಡಿಯೋಣ ಅಂದುಕೊಂಡಿದ್ದೆ. ಆದರೆ ಅಯ್ಯನವರ ವಿದ್ಯಾರ್ಥಿಗಳಲ್ಲಿ ಕೆಲವರು ಆಗಲೇ ಇಸ್ರೇಲಿನ ಲೇಔಟ್ ಕಲಿತಿದ್ದರು, ಫೈಲುಗಳನ್ನು ಮುಂದೆ ಅವರೇ ತಿದ್ದುವವರು. ಅದಕ್ಕೆ ಅಕ್ಷರಗಳ ಜಾಗ ಮುಟ್ಟಲಿಲ್ಲ. ಹದಿನೈದು ದಿನದಲ್ಲಿ ಕೈ ಕೂತಿತು.

ಬ್ರಾಕೆಟ್ ವಿಷಯ ಒಂದು ಹೇಳಬೇಕು. ಹೀಬ್ರೂ ಲೇಔಟ್‌ನಲ್ಲಿ ಶಿಫ್ಟ್ ಹಿಡಿದು 9 ಒತ್ತಿದರೆ ಒಳಗೆ ಹೋಗುವುದು ಮುಚ್ಚುವ ಬ್ರಾಕೆಟ್‌ನ ಕೋಡ್. ಬಲದಿಂದ ಎಡಕ್ಕೆ ಹೋಗುವ ಸಾಲಿನಲ್ಲಿ ಅದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕಾಣುತ್ತದೆ, ಆದ್ದರಿಂದ ಕೀ ಮೇಲೆ ಇರುವ ಚಿತ್ರವೇ ಪರದೆ ಮೇಲೂ ಬರುತ್ತದೆ. ಪೂರ್ತಿ ಹೀಬ್ರೂ ಬರೆಯುವವರಿಗೆ ಇದು ಸರಿ. ನನ್ನದು ಕನ್ನಡ ಸಾಲಿನ ನಡುವೆ ಬ್ರಾಕೆಟ್ ಹಾಕಿ ಒಂದೇ ಒಂದು ಹೀಬ್ರೂ ಶಬ್ದ. ಬ್ರಾಕೆಟ್ ತಿರುಗಿ ನಿಲ್ಲುತ್ತಿತ್ತು, ಪಕ್ಕದ ವಚನದ ಸಂಖ್ಯೆ ಎಗರಿ ಆ ಕಡೆ ಹೋಗುತ್ತಿತ್ತು. ದಿಕ್ಕು ಹೇಳುವ ಕಾಣದ ಗುರುತುಗಳು ಎರಡಿವೆ, ಎಡದಿಂದ ಬಲಕ್ಕೆ ಒಂದು, ಬಲದಿಂದ ಎಡಕ್ಕೆ ಒಂದು. ಅವೆರಡನ್ನೂ ನನ್ನ ಲೇಔಟ್‌ನಲ್ಲಿ ಬಲಗಡೆ ಆಲ್ಟ್ ಜೊತೆ ಎರಡು ಚೌಕ ಬ್ರಾಕೆಟ್ ಕೀಗಳಿಗೆ ಕೊಟ್ಟೆ. ಆಮೇಲೆ ಬ್ರಾಕೆಟ್‌ಗಳನ್ನು ಕನ್ನಡ ಲೇಔಟ್‌ನಲ್ಲಿರುವಾಗಲೇ ಹಾಕಿ, ಒಳಗಡೆ ಮಾತ್ರ ಹೀಬ್ರೂಗೆ ಹೋಗುವ ಅಭ್ಯಾಸ ಮಾಡಿಕೊಂಡೆ. ಅಷ್ಟಕ್ಕೆ ಆ ತಾಪತ್ರಯ ಮುಗಿಯಿತು.

ಇನ್ನು ಚುಕ್ಕಿಗಳು. ಇವಕ್ಕೆ ನಿಕ್ಕುದ್ ಅನ್ನುತ್ತಾರೆ. ದಿನಪತ್ರಿಕೆಯಲ್ಲಿ, ಬೀದಿಯ ಬೋರ್ಡ್‌ನಲ್ಲಿ ಇವನ್ನು ಹಾಕುವುದಿಲ್ಲ, ಓದುವವರು ಸ್ವರವನ್ನು ತಾವೇ ಸೇರಿಸಿಕೊಳ್ಳುತ್ತಾರೆ. ಬೈಬಲ್, ಕವಿತೆ, ಮಕ್ಕಳ ಪುಸ್ತಕ, ಕಲಿಯುವವರ ಪಠ್ಯ, ಇಲ್ಲೆಲ್ಲ ಬೇಕು. ನಮ್ಮ ಗುಣಿತಾಕ್ಷರದ ಹಾಗೇ ಕೆಲಸ ಮಾಡುತ್ತವೆ: ವ್ಯಂಜನ ಮೊದಲು, ಅದರ ಕೆಳಗೋ ಮೇಲೋ ಸ್ವರದ ಗುರುತು. ಇಸ್ರೇಲಿನ 1452ನೇ ನಂಬರಿನ ಸ್ಟ್ಯಾಂಡರ್ಡ್‌ನಲ್ಲಿ ಇವುಗಳಿಗೆ ಬಲಗಡೆ ಆಲ್ಟ್ ಕೀ ಇಟ್ಟಿದ್ದಾರೆ. ಹೆಚ್ಚಿನವಕ್ಕೆ ಹೆಸರಿನ ಮೊದಲ ಅಕ್ಷರವೇ ಕೀ. 'ಅ' ಸ್ವರದ ಪತಾಹ್ ಬೇಕಾದರೆ ಆಲ್ಟ್ ಜೊತೆ ಪೇ, 'ಎ' ಸ್ವರದ ಸೆಗೋಲ್‌ಗೆ ಸಾಮೆಖ್, ಅಕ್ಷರದ ಹೊಟ್ಟೆಯೊಳಗೆ ಇಡುವ ದಾಗೆಶ್ ಚುಕ್ಕಿಗೆ ದಾಲೆತ್. ವಿಂಡೋಸ್‌ನಲ್ಲಿ ಅದಕ್ಕೂ ಹಿಂದೆ ಇದ್ದ ಪದ್ಧತಿಯಲ್ಲಿ ಕ್ಯಾಪ್ಸ್ ಲಾಕ್ ಹಾಕಿ, ಶಿಫ್ಟ್ ಹಿಡಿದು, ಅಂಕಿಗಳ ಕೀ ಒತ್ತಬೇಕಿತ್ತು. ಯಾವ ಅಂಕಿಗೆ ಯಾವ ಚುಕ್ಕಿ ಅಂತ ನೆನಪಿಡಲು ಯಾವ ದಾರಿಯೂ ಇಲ್ಲ. ಅದಕ್ಕೆ ಹೋಲಿಸಿದರೆ ಈಗಿನದು ತುಂಬಾ ಒಳ್ಳೆಯದು, ಯೋಚಿಸಿ ಮಾಡಿದ್ದಾರೆ.

ಆದರೂ ನನಗೆ ಒಗ್ಗಲಿಲ್ಲ. ಎರಡು ಕಾರಣ. ಪೇ ಅಕ್ಷರ ಇರುವುದು ಪಿ ಕೀ ಮೇಲೆ, ಬಲಗೈ ಕಿರುಬೆರಳಿನ ಹತ್ತಿರ. ಬಲಗಡೆ ಆಲ್ಟ್ ಒತ್ತುವುದು ಬಲಗೈ ಹೆಬ್ಬೆರಳು. ಪತಾಹ್ ಪ್ರತಿ ಸಾಲಿನಲ್ಲೂ ಬರುತ್ತದೆ, ಪ್ರತಿ ಸಲವೂ ಅಂಗೈ ಹಿಗ್ಗಿಸಬೇಕು. ಸಂಜೆ ಹೊತ್ತಿಗೆ ಮಣಿಕಟ್ಟು ನೋಯುತ್ತಿತ್ತು. ಎರಡನೆಯದು, ಹೀಬ್ರೂ ಹೆಸರುಗಳು ನನಗೆ ಮಾತೃಭಾಷೆಯ ಹೆಸರುಗಳಲ್ಲ. ಕಣ್ಣು ಚುಕ್ಕಿ ನೋಡಿದ ಕೂಡಲೇ ಮನಸ್ಸಿಗೆ ಬರುವುದು 'ಇ' ಅನ್ನುವ ಸದ್ದು. 'ಹಿರಿಕ್' ಅನ್ನುವ ಹೆಸರು ಒಂದು ಕ್ಷಣ ತಡವಾಗಿ ಬರುತ್ತದೆ.

ಶಿಫ್ಟ್ ಕೀ ಸುಮ್ನೆ ಬಿದ್ದಿದೆಯಲ್ಲ ಅಂತ ಆಗ ಹೊಳೆಯಿತು. ಹೀಬ್ರೂವಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅಂತ ಇಲ್ಲ. ಕನ್ನಡದಲ್ಲೂ ಇಲ್ಲ. ಹೀಬ್ರೂ ಲೇಔಟ್‌ನಲ್ಲಿ ಶಿಫ್ಟ್ ಹಿಡಿದು ಅಕ್ಷರ ಒತ್ತಿದರೆ ಇಂಗ್ಲಿಷ್ ದೊಡ್ಡಕ್ಷರ ಬರುತ್ತದೆ, ನನಗೆ ಅದರಿಂದ ಏನೂ ಆಗಬೇಕಿಲ್ಲ. ಆ ಜಾಗಕ್ಕೆ ಚುಕ್ಕಿಗಳನ್ನು ತಂದೆ, ಅದೂ ಕಗಪದಲ್ಲಿ ನಮ್ಮ ಸ್ವರಗಳು ಇರುವ ಕೀಗಳ ಮೇಲೆ. ಎ ಕೀ ಮೇಲೆ ಪತಾಹ್. ಇ ಮೇಲೆ ಸೆಗೋಲ್, ಅದು ನಮ್ಮ ಎತ್ವದ ಸದ್ದು. ಐ ಮೇಲೆ ಹಿರಿಕ್, ಓ ಮೇಲೆ ಹೋಲಾಮ್, ಯು ಮೇಲೆ ಕುಬ್ಬುತ್ಸ್. ಪತಾಹ್ ಪಕ್ಕದ ಕೀ ಮೇಲೆ ದೀರ್ಘ ಕಾಮಾತ್ಸ್, ಸೆಗೋಲ್ ಪಕ್ಕದಲ್ಲಿ ತ್ಸೇರೆ.

ಎಫ್ ಕೀ ಮೇಲೆ ಶೆವಾ. ಇದನ್ನು ಇಟ್ಟಾಗ ನನಗೆ ತುಂಬಾ ಖುಷಿಯಾಯಿತು. ಕಗಪದಲ್ಲಿ ಎಫ್ ಒತ್ತಿದರೆ ಅರ್ಧಾಕ್ಷರ ಆಗುತ್ತದೆ, ಕ ಹೋಗಿ ಕ್ ಆಗುತ್ತದೆ. ಶೆವಾ ಅಂದರೆ ಅಕ್ಷರದ ಕೆಳಗೆ ಒಂದರ ಕೆಳಗೊಂದು ಎರಡು ಚುಕ್ಕಿ, ಹೆಚ್ಚಿನ ಕಡೆ ಅದರ ಅರ್ಥ 'ಇಲ್ಲಿ ಸ್ವರ ಇಲ್ಲ' ಅಂತಲೇ. ಕೆಲವು ಕಡೆ, ಶಬ್ದದ ಮೊದಲಲ್ಲಿ ಬಂದಾಗಲೆಲ್ಲ, ತೀರಾ ಸಣ್ಣದಾಗಿ ಎ ಅಂತ ಕೇಳಿಸುತ್ತದೆ, ಅದು ಬೇರೆ ಮಾತು. ಬೆರಳಿಗೆ ಮಾತ್ರ ಇದು ಹೊಸದಾಗಿ ಕಲಿಯಬೇಕಾದ್ದೇ ಆಗಲಿಲ್ಲ. ಅಕ್ಷರ, ಎಫ್. ಅಷ್ಟೇ. ಇಪ್ಪತ್ತು ವರ್ಷ ಮಾಡಿದ ಕೆಲಸವನ್ನೇ ಮಾಡುತ್ತಿತ್ತು.

ದಾಗೆಶ್ ಡಿ ಮೇಲೆ. ಶಿನ್ ಅಕ್ಷರದ ತಲೆ ಮೇಲೆ ಚುಕ್ಕಿ ಬಲಗಡೆ ಇದ್ದರೆ ಶ, ಎಡಗಡೆ ಇದ್ದರೆ ಸ. ಅದಕ್ಕೆ ಜೆಡ್ ಮತ್ತು ಎಕ್ಸ್ ಕೀ ಕೊಟ್ಟೆ. ಎಡಗಡೆ ಕೀ ಎಡ ಚುಕ್ಕಿಗೆ, ಬಲಗಡೆ ಕೀ ಬಲ ಚುಕ್ಕಿಗೆ.

ಇದನ್ನೆಲ್ಲ ಬರೆಯುವುದು ಎಲ್ಲಿ? ಲಿನಕ್ಸ್‌ನಲ್ಲಿ ಪ್ರತಿ ಭಾಷೆಯ ಲೇಔಟೂ ಒಂದು ಸಾದಾ ಟೆಕ್ಸ್ಟ್ ಫೈಲ್. ಎಕ್ಸ್‌ಕೆಬಿ ಅಂತ ಆ ವ್ಯವಸ್ಥೆಯ ಹೆಸರು. ಒಂದು ಕೀಗೆ ಒಂದು ಸಾಲು. ಕೀಗೆ ಹೆಸರು ಅದು ಕೂತ ಜಾಗದಿಂದ: ಎ ಅಂದರೆ ಅಕ್ಷರಗಳ ಭಾಗ, ಆಮೇಲೆ ಸಾಲಿನ ಗುರುತು (ಅಂಕಿಗಳ ಸಾಲು ಇ, ಅದರ ಕೆಳಗೆ ಡಿ, ಸಿ, ಬಿ), ಕೊನೆಗೆ ಎಡದಿಂದ ಎಷ್ಟನೆಯದು ಅನ್ನುವ ಎರಡು ಅಂಕಿ. ಎಡಿ 05 ಅಂದರೆ ಟಿ ಕೀ, ಅಂದರೆ ಅಲೆಫ್. ಅದರ ಮುಂದೆ ನಾಲ್ಕು ಜಾಗ: ಸುಮ್ನೆ ಒತ್ತಿದರೆ ಏನು, ಶಿಫ್ಟ್ ಜೊತೆ ಏನು, ಬಲಗಡೆ ಆಲ್ಟ್ ಜೊತೆ ಏನು, ಎರಡೂ ಹಿಡಿದರೆ ಏನು. ಬೇಕಾದ ಚಿಹ್ನೆಯ ಯೂನಿಕೋಡ್ ಸಂಖ್ಯೆಯನ್ನು (ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ, ಅಂದರೆ ಕೋಡ್, ಕೊಟ್ಟಿರುವ ಪಟ್ಟಿಯೇ ಯೂನಿಕೋಡ್) ಆ ಜಾಗದಲ್ಲಿ ಬರೆದರೆ ಆಯಿತು. ಪ್ರೋಗ್ರಾಮಿಂಗ್ ಗೊತ್ತಿರಬೇಕು ಅಂತೇನಿಲ್ಲ, ನನಗೆ ಗೊತ್ತಿಲ್ಲ. ಸಾಲಿನ ಕೊನೆಯ ಅರ್ಧವಿರಾಮ ಒಂದು ಬಿಟ್ಟುಹೋದರೂ ಇಡೀ ಲೇಔಟ್ ಲೋಡ್ ಆಗುವುದಿಲ್ಲ, ಅಷ್ಟು ಜಾಗ್ರತೆ ಬೇಕು.

ನಾನು ಮೊದಲು ಸಿಸ್ಟಂನ ಮೂಲ ಫೈಲನ್ನೇ ತಿದ್ದಿದ್ದೆ. ಮೂರು ವಾರ ಚೆನ್ನಾಗಿ ನಡೆಯಿತು. ಒಂದು ದಿನ ಬೆಳಿಗ್ಗೆ ಅಪ್‌ಡೇಟ್ ಆದ ಮೇಲೆ ಶಿಫ್ಟ್ ಹಿಡಿದು ಒತ್ತಿದರೆ ಮತ್ತೆ ಇಂಗ್ಲಿಷ್ ದೊಡ್ಡಕ್ಷರ. ಹೊಸ ಫೈಲ್ ಬಂದು ನನ್ನದರ ಮೇಲೆ ಕೂತಿತ್ತು. ಪ್ರತಿ ಇಟ್ಟುಕೊಂಡಿರಲಿಲ್ಲ. ಎಲ್ಲವನ್ನೂ ಮತ್ತೆ ಬರೆಯಬೇಕಾಯಿತು. ಈಗ ವೇಲ್ಯಾಂಡ್ (ಪರದೆಯನ್ನು ನಡೆಸುವ ಹೊಸ ವ್ಯವಸ್ಥೆ) ಇರುವ ಲಿನಕ್ಸ್‌ನಲ್ಲಿ ನಮ್ಮ ಹೋಮ್ ಫೋಲ್ಡರ್‌ನ ಕಾನ್ಫಿಗ್ ಒಳಗೆ ಎಕ್ಸ್‌ಕೆಬಿ ಅಂತ ಫೋಲ್ಡರ್ ಮಾಡಿ ಅಲ್ಲೇ ಸ್ವಂತ ಲೇಔಟ್ ಇಡಬಹುದು. ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ. ದಯವಿಟ್ಟು ಮೊದಲೇ ಹಾಗೆ ಮಾಡಿ, ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇರಲಿ.

ಆಮೇಲೆ ಬಂತು ಎರಡನೆಯ ಭಾಗ, ಇಂಗ್ಲಿಷ್ ಅಕ್ಷರಗಳ ಮೇಲೆ ಕೆಳಗೆ ಹಾಕುವ ಗುರುತು. ಹೀಬ್ರೂವಿನ ಹೇತ್‌ಗೆ ಎಚ್ ಬರೆದು ಕೆಳಗೆ ಚುಕ್ಕಿ. ತೇತ್‌ಗೆ ಟಿ ಕೆಳಗೆ ಚುಕ್ಕಿ. ತ್ಸಾದೆಗೆ ಎಸ್ ಕೆಳಗೆ ಚುಕ್ಕಿ. ಸಿನ್ ಆದರೆ ಎಸ್ ಮೇಲೆ ಓರೆಗೆರೆ. ದೀರ್ಘ ಸ್ವರಗಳ ಮೇಲೆ ಅಡ್ಡಗೆರೆ. ಅಲೆಫ್ ಮತ್ತು ಅಯಿನ್‌ಗೆ ಚಂದ್ರನ ಚೂರಿನಂಥ ಅರ್ಧ ಉಂಗುರ, ಒಂದು ಆ ಕಡೆ ಬಾಗಿದ್ದು, ಒಂದು ಈ ಕಡೆ. ನೋಟ್‌ಬುಕ್ಕಿನ ಈ ಪಟ್ಟಿ ನೋಡುತ್ತಾ ನೋಡುತ್ತಾ ನಾನು ನಿಂತೆ. ಟಿ ಕೆಳಗೆ ಚುಕ್ಕಿ ಅಂದರೆ ನಮ್ಮ ಟ ಅಲ್ವಾ? ಎಸ್ ಕೆಳಗೆ ಚುಕ್ಕಿ ನಮ್ಮ ಷ. ಎಸ್ ಮೇಲೆ ಓರೆಗೆರೆ ನಮ್ಮ ಶ. ಎಚ್ ಕೆಳಗೆ ಚುಕ್ಕಿ ನಮ್ಮ ವಿಸರ್ಗ. ಶಾಸನ, ಹಳಗನ್ನಡ ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಅಚ್ಚು ಮಾಡುವಾಗ ನಾನು ಇವನ್ನೇ ಹಾಕುತ್ತಿದ್ದೆ, ಪ್ರತಿ ಸಲ ಚಿಹ್ನೆಗಳ ಪಟ್ಟಿ ತೆರೆದು, ಹುಡುಕಿ, ಒಂದೊಂದೇ ಕ್ಲಿಕ್ ಮಾಡಿ.

ಇನ್ನೂ ಇದೆ. ಹೀಬ್ರೂವಿನಲ್ಲಿ ಬೇತ್, ದಾಲೆತ್, ಕಾಫ್, ತಾವ್ ಮೃದುವಾಗಿ ಉಚ್ಚಾರ ಆದಾಗ ಇಂಗ್ಲಿಷ್ ಅಕ್ಷರದ ಕೆಳಗೆ ಗೆರೆ ಎಳೆಯುತ್ತಾರೆ. ಹಳಗನ್ನಡದ ಱ ಮತ್ತು ೞ, ನಮ್ಮ ಬಾಯಿಂದ ಬಿಟ್ಟುಹೋದ ಆ ಎರಡು ಅಕ್ಷರಗಳು, ಅವಕ್ಕೂ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಆರ್ ಕೆಳಗೆ ಗೆರೆ, ಎಲ್ ಕೆಳಗೆ ಗೆರೆ. ಅದೇ ಗೆರೆ! ಎರಡು ಕೆಲಸಕ್ಕೂ ಒಂದೇ ಕೀ ಸಾಕು ಅಂತಾಯಿತು.

ಕ್ಯಾಪ್ಸ್ ಲಾಕನ್ನು ಕಂಪೋಸ್ ಕೀ ಮಾಡಿಕೊಂಡೆ. ಕಂಪೋಸ್ ಅಂದರೆ, ಅದನ್ನು ಒತ್ತಿ ಬಿಟ್ಟು, ಆಮೇಲೆ ಎರಡು ಕೀ ಒತ್ತಿದರೆ ಅವೆರಡೂ ಸೇರಿ ಒಂದು ಅಕ್ಷರ ಆಗುತ್ತದೆ. ಆಶ್ಚರ್ಯ ಚಿಹ್ನೆ ಮತ್ತು ಟಿ ಒತ್ತಿದರೆ ಚುಕ್ಕಿಯ ಟಿ, ಇದು ಲಿನಕ್ಸ್‌ನಲ್ಲಿ ಮೊದಲೇ ಇದೆ. ಕೆಳಗೆರೆಗೆ ಸಮ ಚಿಹ್ನೆ ಅಂತ ನಾನೇ ಸೇರಿಸಿದೆ. ಅರ್ಧ ಉಂಗುರಗಳಿಗೆ ದುಂಡು ಬ್ರಾಕೆಟ್ಟು. ಇದಕ್ಕೆ ಬೇರೆ ಫೈಲ್ ಇದೆ, ಎಕ್ಸ್‌ಕಂಪೋಸ್ ಅಂತ. ಒಂದು ಅಕ್ಷರಕ್ಕೆ ಒಂದು ಸಾಲು.

ನಾನು ಮೊದಲು ಹೀಗೆ ಮಾಡಿರಲಿಲ್ಲ. ನಮಗೆ ವ್ಯಂಜನ ಮೊದಲು, ಗುರುತು ಆಮೇಲೆ ಅನ್ನುವುದು ಅಭ್ಯಾಸ, ಅದಕ್ಕೆ ಟಿ ಬರೆದು ಹಿಂದೆಯೇ ಒಂದು ಬಿಡಿ ಚುಕ್ಕಿ ಸೇರಿಸುವ ಕೀ ಮಾಡಿದ್ದೆ. ಕಣ್ಣಿಗೆ ಒಂದೇ. ಆದರೆ ಒಳಗೆ ಟಿ ಒಂದು ಕೋಡ್, ಚುಕ್ಕಿ ಒಂದು ಕೋಡ್. ಚುಕ್ಕಿಯ ಟಿಗೆ ಯೂನಿಕೋಡ್‌ನಲ್ಲಿ ಒಟ್ಟಾಗಿಯೂ ಒಂದು ಕೋಡ್ ಇದೆ. ಕೆಲವು ಪಾಠ ಹಾಗೆ, ಕೆಲವು ಹೀಗೆ ಆಗಿ, ಶಬ್ದಸೂಚಿ ಮಾಡುವಾಗ ಒಂದೇ ಶಬ್ದ ಎರಡು ಕಡೆ ಬಂದು ಕೂತಿತು. ಹುಡುಕಿದರೆ ಅರ್ಧ ಸಿಗುತ್ತಿತ್ತು, ಅರ್ಧ ಇಲ್ಲ. ಕನ್ನಡದಲ್ಲೂ ಇದು ಇದೆ: ಕೊ ಬರೆಯಲು ಒತ್ವ ಒಂದನ್ನೇ ಒತ್ತಬಹುದು, ಇಲ್ಲವೇ ಎತ್ವ ಹಾಕಿ ಹಿಂದೆ ಊತ್ವದ ಕೊಂಬು ಹಾಕಿದರೂ ಅದೇ ಆಕಾರ ಕಾಣುತ್ತದೆ. ಒಟ್ಟಾಗಿ ಕೋಡ್ ಇರುವಾಗ ಅದನ್ನೇ ಬಳಸಿ. ಎಲ್ಲದಕ್ಕೂ ಇರುವುದಿಲ್ಲ. ಹೀಬ್ರೂವಿನ ಮೃದು ಅಕ್ಷರಗಳು ಆರು (ಮೇಲೆ ಹೇಳಿದ ನಾಲ್ಕು, ಜೊತೆಗೆ ಗಿಮೆಲ್, ಪೇ), ಐದಕ್ಕೆ ಒಟ್ಟಾದ ಕೋಡ್ ಇದೆ, ಪೇ ಒಂದಕ್ಕೆ ಇಲ್ಲ. ಪಿ ಮೇಲೆ ಗೆರೆಯನ್ನು ಬಿಡಿಬಿಡಿಯಾಗಿಯೇ ಹಾಕಬೇಕು.

ಈಗ ಯೆರೂಸಲೇಮಿನ ಕತೆ. ಒಂಬತ್ತನೆಯ ಪಾಠದ ಪ್ರೂಫ್ ಬಂದ ದಿನ ಅಯ್ಯನವರು ಫೋನ್ ಮಾಡಿದರು. "ಏನಮ್ಮಾ, ಪಟ್ಟಣದ ಹೆಸರೇ ತಪ್ಪಿದೆಯಲ್ಲ?"

"ಇಲ್ಲ ಅಯ್ಯನವರೇ, ನಾನು ನೋಡಿಕೊಂಡೇ ಒತ್ತಿದ್ದು."

"ಲಾಮೆದ್ ಕೆಳಗೆ ನೋಡು. ಗೆರೆ ಮೊದಲು, ಚುಕ್ಕಿ ಆಮೇಲೆ. ಇಲ್ಲಿ ತಿರುವುಮುರುವಾಗಿದೆ."

ಸರಿಯಾಗಿಯೇ ಹೇಳಿದ್ದರು. ಹೀಬ್ರೂ ಬೈಬಲಿನಲ್ಲಿ ಯೆರೂಶಲಾಯಿಮ್ ಅನ್ನುವ ಹೆಸರಿನಲ್ಲಿ ಕೊನೆಯ ಯೋದ್, ಅಂದರೆ ಯ ಅಕ್ಷರ, ಬಹುತೇಕ ಎಲ್ಲ ಕಡೆ ಬರೆದಿಲ್ಲ. ಓದುವಾಗ ಮಾತ್ರ ಅದನ್ನು ಸೇರಿಸಿ ಓದಬೇಕು. ಹಾಗಾಗಿ ಲಾಮೆದ್ ಒಂದರ ಕೆಳಗೇ ಎರಡು ಸ್ವರ ಬಂದು ನಿಲ್ಲುತ್ತವೆ: ಬಲಕ್ಕೆ ಪತಾಹ್‌ನ ಅಡ್ಡಗೆರೆ, ಎಡಕ್ಕೆ ಹಿರಿಕ್‌ನ ಚುಕ್ಕಿ. ನನ್ನ ಫೈಲ್ ತೆಗೆದು ನೋಡಿದೆ, ಸರಿ ಇತ್ತು. ಪ್ರೂಫ್‌ಗೆ ಕಳಿಸುವಾಗ ದಾರಿಯಲ್ಲಿ ಯಾವುದೋ ಸಾಫ್ಟ್‌ವೇರ್ ಅದನ್ನು 'ನಾರ್ಮಲೈಸ್' ಮಾಡಿತ್ತು.

ಏನದು ಅಂದರೆ, ಒಂದು ಅಕ್ಷರಕ್ಕೆ ಹಲವು ಗುರುತು ಇದ್ದಾಗ ಅವನ್ನು ಯಾವ ಕ್ರಮದಲ್ಲಿ ಜೋಡಿಸಿ ಇಡಬೇಕು ಅಂತ ಯೂನಿಕೋಡ್ ಪ್ರತಿ ಗುರುತಿಗೂ ಒಂದು ಸಂಖ್ಯೆ ಕೊಟ್ಟಿದೆ. ಶೆವಾ 10, ಹಿರಿಕ್ 14, ಪತಾಹ್ 17, ಕಾಮಾತ್ಸ್ 18, ದಾಗೆಶ್ 21, ಶಿನ್ ಚುಕ್ಕಿ 24. ನಾರ್ಮಲೈಸ್ ಮಾಡುವಾಗ ಚಿಕ್ಕ ಸಂಖ್ಯೆ ಮುಂದೆ ಬರುತ್ತದೆ. ಕೈ ಹೋಗುವ ಕ್ರಮ ಇದಲ್ಲ. ಬೈಬಲಿನ ಮೊಟ್ಟಮೊದಲ ಅಕ್ಷರವನ್ನೇ ತಗೊಳ್ಳಿ, ಬೆರೇಶೀತ್‌ನ ಬೇತ್. ಬರೆಯುವವರು ಬೇತ್ ಬರೆದು, ಹೊಟ್ಟೆಯೊಳಗೆ ದಾಗೆಶ್ ಚುಕ್ಕಿ ಇಟ್ಟು, ಆಮೇಲೆ ಕೆಳಗೆ ಶೆವಾ ಹಾಕುತ್ತಾರೆ. ಕಂಪ್ಯೂಟರ್ ಅದನ್ನು ಬೇತ್, ಶೆವಾ, ದಾಗೆಶ್ ಅಂತ ಜೋಡಿಸಿಕೊಳ್ಳುತ್ತದೆ. ಅಲ್ಲಿ ಪರವಾಗಿಲ್ಲ, ಒಂದು ಒಳಗೆ, ಒಂದು ಕೆಳಗೆ, ಕಾಣುವುದು ಒಂದೇ. ಲಾಮೆದ್‌ನಲ್ಲಿ ಎರಡೂ ಕೆಳಗೇ ಇವೆ. 14 ಮುಂದೆ ಬಂತು, 17 ಹಿಂದೆ ಹೋಯಿತು, ಹೆಸರು ಕೆಟ್ಟಿತು.

ಇದಕ್ಕೆ ಮದ್ದು ಒಂದು ಕಾಣದ ಗುರುತು, ಕಂಬೈನಿಂಗ್ ಗ್ರಾಫೀಮ್ ಜಾಯ್ನರ್ ಅಂತ. ಹೆಸರು ಜಾಯ್ನರ್, ಇಲ್ಲಿ ಮಾಡುವುದು ಬೇಲಿಯ ಕೆಲಸ. ಪತಾಹ್ ಮತ್ತು ಹಿರಿಕ್ ನಡುವೆ ಅದನ್ನು ಇಟ್ಟರೆ ಈಚೆಯದು ಆಚೆ ದಾಟುವುದಿಲ್ಲ. ಕನ್ನಡದವರಿಗೆ ಇದನ್ನು ವಿವರಿಸುವುದು ಕಷ್ಟ ಅಲ್ಲ. 'ಲೇಔಟ್‌ನಲ್ಲಿ' ಅಂತ ಬರೆಯುವಾಗ ಟ್ ಮತ್ತು ನ ನಡುವೆ ಕಾಣದ ಗುರುತು ಹಾಕುತ್ತೇವೆ, ಹಾಕದಿದ್ದರೆ 'ಲೇಔಟ್ನಲ್ಲಿ' ಅಂತ ಒತ್ತಕ್ಷರ ಆಗಿಬಿಡುತ್ತದೆ. ಅದೇ ಥರ. ಈ ಬೇಲಿಗೆ ನಾನು ಶಿಫ್ಟ್ ಜೊತೆ ಜೆ ಕೀ ಕೊಟ್ಟೆ. ಪುಸ್ತಕದಲ್ಲಿ ಆ ಹೆಸರು ಬಂದ ಕಡೆಯೆಲ್ಲ ಹೋಗಿ ಒಂದೊಂದಾಗಿ ಹಾಕಿದೆ.

ಆ ಸಂಖ್ಯೆಗಳನ್ನೇ ಸರಿ ಮಾಡಬಾರದೇ ಅಂತ ಯಾರಿಗಾದರೂ ಅನ್ನಿಸುತ್ತದೆ. ಮಾಡುವುದಿಲ್ಲ. ಒಮ್ಮೆ ಕೊಟ್ಟದ್ದನ್ನು ಬದಲಿಸಿದರೆ ಹಳೆಯ ಫೈಲುಗಳು ಹಾಳಾಗುತ್ತವೆ ಅಂತ ಯೂನಿಕೋಡ್‌ನವರ ನಿಯಮ. ನಮ್ಮ ೞಕಾರಕ್ಕೂ ಹೀಗೇ ಆಗಿದೆ. ಯೂನಿಕೋಡ್ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು 'ಕನ್ನಡ ಲೆಟರ್ ಫ' ಅಂತ ಇದೆ. ಫಕಾರಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ಹೆಸರಿಡುವಾಗ ಆದ ತಪ್ಪು. ತಪ್ಪು ಅಂತ ಒಪ್ಪಿ ಪಕ್ಕದಲ್ಲಿ ಸರಿಯಾದ ಹೆಸರನ್ನೂ ಬರೆದಿದ್ದಾರೆ, ಮೂಲ ಹೆಸರು ಮಾತ್ರ ಹಾಗೇ ಉಳಿಯುತ್ತದೆ. ನಾನು ಕನ್ನಡ ಲೇಔಟ್‌ಗೆ ೞ ಸೇರಿಸಲು ಹೋದಾಗ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗದೆ, ಕೊನೆಗೆ ಆಕಾರ ನೋಡಿ ಗುರುತು ಹಿಡಿದೆ. ಪಂಪನ, ರನ್ನನ ಸಾಲು ಟೈಪ್ ಮಾಡುವ ಯಾರಿಗೇ ಆದರೂ ಇದು ಬೇಕಾಗುವ ಅಕ್ಷರ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಲಿನಕ್ಸ್ ಇಲ್ಲದವರು ಏನು ಮಾಡಬೇಕು ಅಂತ ಕೇಳುತ್ತೀರಿ. ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನವರದೇ ಕೀಬೋರ್ಡ್ ಲೇಔಟ್ ಕ್ರಿಯೇಟರ್ ಇದೆ, ಹಳೆಯದು, ಉಚಿತ. ಮ್ಯಾಕ್‌ಗೆ ಯೂಕಲೀಲಿ. ಇವೆಲ್ಲಕ್ಕಿಂತ ನಾನು ಕೀಮ್ಯಾನ್ ಅನ್ನುವ ಸಾಫ್ಟ್‌ವೇರ್ ನೋಡಿ ಅನ್ನುತ್ತೇನೆ. ಭಾಷೆಗಳ ಮೇಲೆ ಕೆಲಸ ಮಾಡುವ ಎಸ್‌ಐಎಲ್ ಸಂಸ್ಥೆ ಅದನ್ನು ವಹಿಸಿಕೊಂಡ ಮೇಲೆ ಪೂರ್ತಿ ಉಚಿತ, ಫೋನ್‌ನಲ್ಲೂ ನಡೆಯುತ್ತದೆ. ಅದರಲ್ಲಿ ಹಿಂದಿನ ಅಕ್ಷರ ಯಾವುದು ಅಂತ ನೋಡಿಕೊಂಡು ಮುಂದಿನದನ್ನು ಬದಲಿಸುವ ನಿಯಮ ಬರೆಯಬಹುದು. ಪತಾಹ್ ಆದ ಕೂಡಲೇ ಹಿರಿಕ್ ಒತ್ತಿದರೆ ನಡುವೆ ಬೇಲಿ ತಾನೇ ಬೀಳುವ ಹಾಗೆ ಮಾಡಬಹುದು, ಟೈಪ್ ಮಾಡುವವರಿಗೆ ಅದರ ಯೋಚನೆಯೇ ಬೇಡ. ಫಾಂಟ್ ಎಸ್‌ಬಿಎಲ್ ಹೀಬ್ರೂ ಅಥವಾ ಎಜ್ರಾ ಎಸ್‌ಐಎಲ್ ಹಾಕಿ. ಚುಕ್ಕಿಗಳು ತಮ್ಮ ಜಾಗದಲ್ಲಿ ಕೂರುತ್ತವೆ.

ಪುಸ್ತಕ ಅಚ್ಚಿಗೆ ಹೋಯಿತು. ಅಯ್ಯನವರು ಈಗ ಎರಡನೆಯ ಭಾಗ ಬರೆಯುತ್ತಿದ್ದಾರೆ, ಅದರಲ್ಲಿ ತಆಮೀಮ್ ಬೇಕಂತೆ. ಬೈಬಲನ್ನು ರಾಗವಾಗಿ ಓದಲು ಅಕ್ಷರದ ಮೇಲೆ ಕೆಳಗೆ ಹಾಕುವ ಗುರುತುಗಳು ಅವು, ಮೂವತ್ತರ ಆಸುಪಾಸು ಇವೆ. ಬಲಗಡೆ ಆಲ್ಟ್‌ನ ಪದರ ಬಹುಪಾಲು ಖಾಲಿ ಇದೆ. ಈ ವಾರ ನೋಟ್‌ಬುಕ್ಕಿನಲ್ಲಿ ಕೀಬೋರ್ಡಿನ ಚಿತ್ರ ಬರೆದು, ಪದೇ ಪದೇ ಬರುವ ಗುರುತುಗಳನ್ನು ಪೆನ್ಸಿಲ್‌ನಲ್ಲಿ ಎಡಗೈ ಬೆರಳುಗಳ ಹತ್ತಿರ ಇಟ್ಟು ನೋಡುತ್ತಿದ್ದೇನೆ.